ಟೈಮ್ ಟೇಬಲ್ಲಿಗೆ ನಾನು ಹೇಳಿದ ಸುಳ್ಳುಗಳು

ಖಾನಾಪುರದ ನಮ್ಮ ಹೈಸ್ಕೂಲಿನ ಹಳೆಯ ಕಂಪ್ಯೂಟರು ಒಂದು ಮೇ ತಿಂಗಳ ಮಧ್ಯಾಹ್ನ ಸತ್ತುಹೋಯಿತು. ಗುಡುಗಿತು, ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಅದರ ಹಿಂಬದಿಯಿಂದ ತೆಳ್ಳಗೆ ಹೊಗೆ ಎದ್ದು, ಕೋಣೆಯ ತುಂಬ ಬದನೆಕಾಯಿ ಸುಟ್ಟ ವಾಸನೆ ಹರಡಿತು. ಶಾಲೆಯ ಸಿಪಾಯಿ ತನ್ನ ಹೆಗಲ ಮೇಲಿನ ಟಾವೆಲ್ ತೆಗೆದು ಅದರ ಮೇಲೆ ಹೊದಿಸಿದ. ಐವತ್ತೈದು ದಾಟಿದ ಮನುಷ್ಯ; ಮಕ್ಕಳಿಂದ ಹಿಡಿದು ಹೆಡ್ ಮಾಸ್ತರರ ತನಕ ಎಲ್ಲರೂ ಅವನನ್ನು ಮಾಮಾ ಅನ್ನುತ್ತಿದ್ದರು. ಈಗಲೇ ಮುಖ ಮುಚ್ಚಬೇಡ ಮಾಮಾ, ಇನ್ನೂ ಒಮ್ಮೆ ನೋಡೋಣ ಎಂದೆ. ಅವನು ಟಾವೆಲನ್ನು ಸ್ವಲ್ಪ ಕೆಳಗೆ ಸರಿಸಿದ, ಮಾನಿಟರಿನ ಅರ್ಧ ಮುಖ ಕಾಣುವಷ್ಟು.

ಅದು ಎರಡು ಸಾವಿರದ ಇಸವಿ. ನಾನು ಆ ಶಾಲೆಯ ಕಂಪ್ಯೂಟರ್ ಮಾಸ್ತರನಾಗಿ ಒಂದು ವರ್ಷ ಮುಗಿಸುತ್ತ ಬಂದಿದ್ದೆ, ಅದೂ ಹಂಗಾಮಿಯಾಗಿ. ಬೆಳಗಾವಿಯ ಖಾಸಬಾಗದಲ್ಲಿ ಮಗ್ಗಗಳ ಸದ್ದಿನ ನಡುವೆ ಒಂದು ಖೋಲಿ ಹಿಡಿದಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಖಾನಾಪುರಕ್ಕೆ ಬರುತ್ತಿದ್ದೆ. ನಮ್ಮಪ್ಪ ಕುರಿ ಕಾಯುವವನು. ಅವನ ಅಪ್ಪನೂ ಕುರಿ ಕಾದವನು. ಅದಕ್ಕೂ ಹಿಂದಿನವರು ಏನು ಮಾಡುತ್ತಿದ್ದರು ಎಂದು ಕೇಳಿದರೆ ನಮ್ಮಪ್ಪನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಆ ಸಾಲಿನಲ್ಲಿ ಬಿ.ಎಸ್ಸಿ. ಮಾಡಿದ ಮೊದಲನೆಯವನು ನಾನು. ಗಣಿತದಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ದಾಟಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೆವರು ಸುರಿಸಿ ಪಡೆದದ್ದನ್ನು ಸುಮ್ಮನೆ ಸಿಕ್ಕಿತು ಎಂದು ಬರೆದರೆ ಲುಕ್ಸಾನು ನನಗೇ. ಪದವಿಯ ಕಾಗದ ಊರಿಗೆ ತಂದ ದಿನ ನಮ್ಮಪ್ಪ ಅದನ್ನು ಮುಟ್ಟುವ ಮೊದಲು ಹೋಗಿ ಕೈ ತೊಳೆದುಕೊಂಡು ಬಂದ. ಬಂದಮೇಲೂ ಅಂಚಿನಲ್ಲಷ್ಟೇ ಹಿಡಿದ, ಬಿಸಿ ರೊಟ್ಟಿ ಹಿಡಿದ ಹಾಗೆ.

ಅಂಥ ಕಾಗದ ಇಟ್ಟುಕೊಂಡೂ ನಾನು ಹಂಗಾಮಿಯಾಗಿಯೇ ಉಳಿದಿದ್ದೆ. ಕಾಯಂ ಆಗುವ ದಾರಿಯನ್ನು ಹೆಡ್ ಮಾಸ್ತರರು ನನಗೆ ಬಿಡಿಸಿ ಹೇಳಿದ್ದರು. ಜೂನ್ ಒಂದನೆಯ ತಾರೀಖು, ಗುರುವಾರ, ಶಾಲೆ ಶುರುವಾಗುತ್ತದೆ. ಅದೇ ದಿನ ಹೊಸ ಟೈಮ್ ಟೇಬಲ್ಲು ಬೆಳಗಾವಿಯ ಕಚೇರಿಗೆ ಹೋಗಬೇಕು. ಅದರಲ್ಲಿ ನನ್ನ ಹೆಸರಿನ ಮುಂದೆ ವಾರಕ್ಕೆ ಹದಿನೆಂಟು ಪಿರಿಯಡ್ಡು ಕಂಡರೆ ಹುದ್ದೆ ನನ್ನದು. ಕಾಣದಿದ್ದರೆ ಆ ಹುದ್ದೆ ಬೇರೆ ಯಾವುದೋ ಶಾಲೆಗೆ ಹೋಗುತ್ತದೆ, ನಾನು ಮನೆಗೆ ಹೋಗುತ್ತೇನೆ. ಅಷ್ಟೇ ವಿಷಯ.

ಅಷ್ಟೇ ಆಗಿದ್ದರೆ ಒಂದು ಹಾಳೆ ತೆಗೆದು ಗೆರೆ ಎಳೆದು ಬರೆದುಬಿಡಬಹುದಿತ್ತು. ಆದರೆ ನಮ್ಮ ಶಾಲೆಯಲ್ಲಿ ಟೈಮ್ ಟೇಬಲ್ಲನ್ನು ಕೈಯಿಂದ ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೇ ಕಟ್ಟಡದಲ್ಲಿ ಕನ್ನಡ ಮಾಧ್ಯಮ, ಮರಾಠಿ ಮಾಧ್ಯಮ ಎರಡೂ. ಎರಡಕ್ಕೂ ಸೇರಿ ಮೈದಾನ ಒಂದು, ಪ್ರಯೋಗಶಾಲೆ ಒಂದು, ಹಿಂದಿ ಸರ್ ಒಬ್ಬರು. ಹಿಂದೆ ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಊಟದ ನಂತರದ ಒಂದು ಪಿರಿಯಡ್ಡಿಗಾಗಿ ಡ್ರಾಯಿಂಗ್ ಮಾಸ್ತರರೂ ಪಿ.ಟಿ. ಮಾಸ್ತರರೂ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಅಗತ್ಯ ಬಿದ್ದರೆ ಕರೀಹಲಗೆಯ ಮೇಲೆ ಬರೆದು ತೋರಿಸಿಕೊಳ್ಳುತ್ತಿದ್ದರಂತೆ, ಮಕ್ಕಳು ಅದನ್ನು ಪಾಠವೆಂದು ಇಳಿಸಿಕೊಳ್ಳುತ್ತಿದ್ದರಂತೆ. ಆಗ ಶಾಲೆಯ ಗಣಿತದ ಸರ್ ಒಬ್ಬರು, ಬೆಳಗಾವಿಯ ಯಾರೋ ಬೇಡವೆಂದು ಕೊಟ್ಟ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮು ಬರೆದರು. ಮಾಸ್ತರರ ಹೆಸರು, ವಿಷಯ, ವರ್ಗ ತುಂಬಿದರೆ ಅದು ತಾನೇ ಟೈಮ್ ಟೇಬಲ್ಲು ಹಾಕಿಕೊಡುತ್ತಿತ್ತು. ಎಂಟು ವರ್ಷ ಅದರ ಮಾತೇ ಕೊನೆಯ ಮಾತು. ಯಂತ್ರ ಹೇಳಿದ್ದಕ್ಕೆ ಮುನಿಸಿಕೊಳ್ಳುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಜಗಳ ನಿಂತಿತು.

ಕಂಪ್ಯೂಟರು ಸತ್ತ ವಾರದಲ್ಲೇ ಆಡಳಿತ ಮಂಡಳಿಯ ಚೇರಮನ್ನರು ಹೊಸದೊಂದನ್ನು ದಾನ ಕೊಟ್ಟರು. ಫ್ಯಾನಿನ ರೆಕ್ಕೆಯ ಮೇಲೆ ಬರೆಸುವ ಹಾಗೆ ಮಾನಿಟರಿನ ನೆತ್ತಿಯ ಮೇಲೆ ಅವರ ತಂದೆಯವರ ಸ್ಮರಣಾರ್ಥ ಎಂದು ಆಯಿಲ್ ಪೇಂಟಿನಲ್ಲಿ ಬರೆಸಿದ್ದರು. ಗಾಳಿಕಿಂಡಿಗಳಿದ್ದ ಕಡೆ ಒತ್ತಕ್ಷರಗಳು ಒಳಗೆ ಸೋರಿದ್ದವು. ಅದರ ಜೊತೆ ಹೊಸ ಕಾಲದ ಟೈಮ್ ಟೇಬಲ್ ಪ್ರೋಗ್ರಾಮಿನ ಸಿ.ಡಿ.ಯೂ ಬಂದಿತ್ತು. ಬಣ್ಣ ಬಣ್ಣದ್ದು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಸಿತು. ನಾನು ಖುಷಿಯಿಂದ ಹಾಳೆಯನ್ನು ಸ್ಟಾಫ್ ರೂಮಿನ ಗೋಡೆಗೆ ಹಚ್ಚಿದೆ.

ಹಚ್ಚಿದ ಹಾಳೆಯ ಮುಂದೆ ಮೊದಲು ನಿಂತವರು ಹಿಂದಿ ಸರ್. ಅವರ ಮನೆ ಬೆಳಗಾವಿಯ ಕೋಟೆಯ ಹತ್ತಿರ. ಬರುವುದು ಪ್ಯಾಸೆಂಜರ್ ರೈಲಿನಲ್ಲಿ. ಆ ರೈಲು ಯಾವತ್ತೂ ಮೊದಲನೆಯ ಪಿರಿಯಡ್ಡಿಗೆ ಮುಟ್ಟಿದ ಉದಾಹರಣೆ ಇಲ್ಲ. ಹೊಸ ಪ್ರೋಗ್ರಾಮು ಅವರಿಗೆ ಆರೂ ದಿನ ಮೊದಲನೆಯ ಪಿರಿಯಡ್ಡು ಕೊಟ್ಟಿತ್ತು. ಕೆಳಗೆ ನೋಡಿದರೆ ಮೂರು ವರ್ಗಗಳು ಒಂದೇ ಹೊತ್ತಿಗೆ ಮೈದಾನದಲ್ಲಿ. ಕನ್ನಡದವರ ಸಂಗೀತ, ಮರಾಠಿಯವರ ಸಂಗೀತ ಎರಡೂ ಬಾಜು ಬಾಜು ಕೋಣೆಯಲ್ಲಿ, ಒಂದೇ ವೇಳೆಗೆ. ಹಿಂದೊಮ್ಮೆ ಹಾಗೆ ಆದಾಗ ಯಾರ ದನಿ ದೊಡ್ಡದು ಅನ್ನುವ ಸ್ಪರ್ಧೆ ನಡೆದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತ್ತಂತೆ.

ಆಗ ನನಗೆ ತಿಳಿಯಿತು. ಹಳೆಯ ಪ್ರೋಗ್ರಾಮಿಗೆ ಇದೆಲ್ಲ ಗೊತ್ತಿತ್ತು. ರೈಲು ತಡ ಅನ್ನುವುದು, ಎರಡು ಸಂಗೀತದ ನಡುವೆ ಕನಿಷ್ಠ ಮೂರು ಗೋಡೆ ಇರಬೇಕು ಅನ್ನುವುದು, ಡ್ರಾಯಿಂಗ್ ಮಾಸ್ತರರನ್ನೂ ಪಿ.ಟಿ. ಮಾಸ್ತರರನ್ನೂ ಒಂದೇ ಹೊತ್ತಿಗೆ ಖಾಲಿ ಬಿಡಬಾರದು ಅನ್ನುವುದು, ಎಲ್ಲವನ್ನೂ ಗಣಿತದ ಸರ್ ಅದರ ಹೊಟ್ಟೆಯಲ್ಲಿ ಹಾಕಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ.

ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರದೂ ಒಂದೇ ಮಾತು: ಹಳೆಯದೇ ಬೇಕು. ಚೇರಮನ್ನರದು ಇನ್ನೊಂದು ಮಾತು: ನಮ್ಮ ತಂದೆಯವರ ಹೆಸರಿನ ಮಷೀನಿನಲ್ಲೇ ಬರಬೇಕು. ಬಂದ ಹಾಳೆಯನ್ನು ನಾನೇ ಪೆನ್ನಿನಿಂದ ತಿದ್ದಿಕೊಡಲೇ ಎಂದು ಕೇಳಿದ್ದಕ್ಕೆ ಹೆಡ್ ಮಾಸ್ತರರು ಕೈ ಮುಗಿದರು. ಒಂದು ಹೆಸರನ್ನು ಪೆನ್ನಿನಿಂದ ತಿದ್ದಿದರೆ ಸಂಜೆಯೊಳಗೆ ಇಪ್ಪತ್ತು ಜನ ಪೆನ್ನು ತರುತ್ತಾರೆ ಎಂದರು. ಅಂದರೆ ಹೊಸ ಮಷೀನಿನೊಳಗೆ ಹಳೆಯ ಪ್ರೋಗ್ರಾಮು ಓಡಬೇಕು, ಗುರುವಾರದೊಳಗೆ. ಓಡಿಸುವವನು ನಾನು.

ಆ ಪ್ರೋಗ್ರಾಮಿನ ಫ್ಲಾಪಿ ಎಲ್ಲಿದೆ ಎಂದು ಮಾಮಾನನ್ನು ಕೇಳಿದೆ. ಅವನು ಹೆಮ್ಮೆಯಿಂದ ಆಫೀಸಿನ ಗೋಡೆಯ ಮೇಲಿನ ಸರಸ್ವತಿ ಫೋಟೋದ ಹಲಗೆಯ ಹತ್ತಿರ ಕರೆದುಕೊಂಡು ಹೋದ. ಫೋಟೋಕ್ಕೆ ಒರಗಿಸಿ ಫ್ಲಾಪಿ ನಿಲ್ಲಿಸಿದ್ದ. ಆ ಕಾಲದ ದೊಡ್ಡ ಫ್ಲಾಪಿ, ಹಪ್ಪಳದಷ್ಟು ಅಗಲ, ನಡುವೆ ತೂತು. ಎಂಟು ವರ್ಷ, ಪ್ರತಿ ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಗಂಟೆ ಬಾರಿಸುವ ಸುತ್ತಿಗೆ, ಪ್ರಯೋಗಶಾಲೆಯ ತಕ್ಕಡಿ, ಮೈದಾನದ ಸಲಿಕೆ ಇವುಗಳ ಸಾಲಿನಲ್ಲಿ ಅದನ್ನೂ ಕೂಡಿಸಿ ಪೂಜೆ ಮಾಡಿದ್ದ. ನಡುವಿನ ತೂತಿಗೆ ಭಂಡಾರದ ಅರಿಶಿನ ತುಂಬಿತ್ತು. ಓದುವ ಕಿಂಡಿಯ ಮೇಲೆ ಸರಿಯಾಗಿ ಗುರಿಯಿಟ್ಟು ಐದು ಬೆರಳಿನ ಕುಂಕುಮ. ಅಲುಗಾಡಿಸಿದರೆ ಒಳಗಿಂದ ಅಕ್ಷತೆಯ ಸದ್ದು.

"ಮಾಮಾ, ಇದರಾಗ ಕುಂಕುಮ ಯಾಕ ಹಚ್ಚಿದಿ?"

"ಸರಸ್ವತಿ ಇದರಾಗ ಅದಾಳ ಅಂತ ಗಣಿತದ ಸರ್ ಅವರ ಹೇಳಿದ್ರಲ್ರಿ. ಅದಕ್ಕ ಬಾಗಲಿಗೇ ಹಚ್ಚೀನಿ."

ನನಗೆ ಸಿಟ್ಟು ಬರಬೇಕಿತ್ತು. ಆದರೆ ಕಿಂಡಿಯೇ ಬಾಗಿಲು ಎಂದು ಅವನು ತಾನಾಗಿಯೇ ಕಂಡುಹಿಡಿದಿದ್ದ. ಅದನ್ನು ತಿಳಿಯಲು ನನಗೆ ಕಾಲೇಜಿನಲ್ಲಿ ಒಂದು ಪಾಠ ಬೇಕಾಗಿತ್ತು.

ಇನ್ನೊಂದು ಪ್ರತಿ ಗಣಿತದ ಸರ್ ಹತ್ತಿರ ಇರಬಹುದು ಎಂದು ಹೆಡ್ ಮಾಸ್ತರರು ಹೇಳಿದರು. ಗಣಿತದ ಸರ್ ನಾನು ಸೇರುವ ಮುಂಚಿನ ವರ್ಷವೇ ನಿವೃತ್ತರಾಗಿ ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದರು. ಸೋಮವಾರ ಸಂಜೆ ಹುಡುಕಿಕೊಂಡು ಹೋದೆ. ತೆಳ್ಳಗಿನ, ಉದ್ದನೆಯ ಮನುಷ್ಯ, ಜೈನ ಮನೆತನದವರು. ನಾನು ಯಾಕೆ ಬಂದೆ ಎಂದು ಹೇಳುವ ಮೊದಲೇ ಹೊತ್ತು ಮುಳುಗುತ್ತದೆ, ಮೊದಲು ಊಟ ಮಾಡಿ ಎಂದು ತಾಟಿನ ಮುಂದೆ ಕೂಡಿಸಿದರು. ಎರಡು ಚಪಾತಿ ಆಗುವ ಹೊತ್ತಿಗೆ ನಾನು ಕಥೆ ಹೇಳಿ ಮುಗಿಸಿದ್ದೆ. ಅವರು ಎದ್ದು ಹೋಗಿ ಚಿರೋಟಿಯ ಹಳೆಯ ಡಬ್ಬಿ ತಂದರು. ಅದರೊಳಗೆ ಸೊಸೆಯ ಬಳೆ, ಎರಡು ಸೆಲ್ಲು, ಒಂದು ಫ್ಲಾಪಿ. ಕುಂಕುಮ ಇರಲಿಲ್ಲ. ನಾನು ಅದನ್ನು ಅಂಚಿನಲ್ಲಿ ಹಿಡಿದುಕೊಂಡೆ.

ಹೊಸ ಕಂಪ್ಯೂಟರಿಗೆ ಅಷ್ಟು ದೊಡ್ಡ ಫ್ಲಾಪಿ ನುಂಗುವ ಬಾಯಿಯೇ ಇರಲಿಲ್ಲ. ಸತ್ತ ಕಂಪ್ಯೂಟರಿನ ಬಾಯಿಯನ್ನು ಬಿಚ್ಚಿ, ತಂತಿಗಳ ಸಮೇತ ತಂದು ಹೊಸದರ ಹೊಟ್ಟೆಗೆ ಜೋಡಿಸಿದೆ. ಒಳಗೆ ಕೂರಲು ಜಾಗ ಸಾಲದೆ ಅದು ಹೊರಗೆ ಜೋತುಬಿತ್ತು. ಕೆಳಗೆ ಎರಡು ಭೂಗೋಳದ ಪುಸ್ತಕ ಇಟ್ಟೆವು. ಮಂಗಳವಾರ ಬೆಳಿಗ್ಗೆ ಅದು ಕಟಕಟ ಹಲ್ಲು ಕಡಿದು ಫ್ಲಾಪಿ ಓದಿತು. ವಿಂಡೋಸಿನ ಬಣ್ಣದ ಪರದೆಯ ನಡುವೆ ಒಂದು ಕರಿ ಚೌಕು ತೆರೆಯಿತು. ಹಳೆಯ ಕಾಲದ ಪ್ರೋಗ್ರಾಮುಗಳು ಇರುವುದೇ ಆ ಕರಿ ಚೌಕಿನಲ್ಲಿ. ನಾನು ಪ್ರೋಗ್ರಾಮಿನ ಹೆಸರು ಒತ್ತಿದೆ. ಕಣ್ಣು ಪಿಳುಕಿಸುವುದರೊಳಗೆ ಪ್ರೋಗ್ರಾಮು ಸತ್ತಿತು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿಟ್ಟು ಸತ್ತಿತು.

ಎರಡು ಸಲ ಗಣಿತದಲ್ಲಿ ನಪಾಸಾದವನಿಗೆ ಕಂಪ್ಯೂಟರು ಇಂಥದ್ದನ್ನೇ ಹೇಳಬೇಕೆ? ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತು ಸಲವೂ ಅದೇ ಪಾಠ. ಕೊನೆಗೆ ಆಫೀಸಿನ ಫೋನಿನಿಂದ ಗಣಿತದ ಸರ್ ಅವರಿಗೆ ಹೇಳಿದೆ. ಅವರು ಮಷೀನು ಎಷ್ಟು ಜೋರಿನದು ಎಂದು ಕೇಳಿದರು. ಹೇಳಿದೆ. ಆಗ ವಿವರಿಸಿದರು. ಪ್ರೋಗ್ರಾಮು ಎದ್ದಕೂಡಲೇ, ತಾನು ಎಂಥ ಮಷೀನಿನಲ್ಲಿದ್ದೇನೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಕೊಡುತ್ತದೆ. ಮಷೀನು ಅದನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತದೆ ಎಂದು ಗಡಿಯಾರ ನೋಡುತ್ತದೆ. ಹಳೆಯ ಮಷೀನಿಗೆ ಹೊತ್ತು ಹಿಡಿಯುತ್ತಿತ್ತು. ಹೊಸದು ಗಡಿಯಾರ ಒಮ್ಮೆ ಟಿಕ್ ಅನ್ನುವ ಮೊದಲೇ ಮುಗಿಸಿಬಿಡುತ್ತದೆ. ಹಿಡಿದ ಹೊತ್ತು ಸೊನ್ನೆ. ಸೊನ್ನೆಯಿಂದ ಭಾಗಿಸಲು ಹೋಗಿ ಸಾಯುತ್ತದೆ.

"ತಪ್ಪು ನನ್ನ ಪ್ರೋಗ್ರಾಮಿಂದಲ್ಲ ತಮ್ಮಾ," ಅಂದರು. "ನಿಮ್ಮ ಮಷೀನಿಗಿ ಶಿಸ್ತಿಲ್ಲ. ಹಿರಿಯರು ಪ್ರಶ್ನೆ ಮುಗಸೂದ್ರಾಗ ಉತ್ತರಾ ಹೇಳತೈತಿ."

ಹೀಗೆ ನಾನು ಹೊಸ ಕಂಪ್ಯೂಟರನ್ನು ನಿಧಾನ ಮಾಡುವ ಕೆಲಸಕ್ಕೆ ಇಳಿದೆ. ಬೆಳಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನ ಕಾಲೇಜಿನ ಗೆಳೆಯನ ಹತ್ತಿರ ಅದಕ್ಕೆಂದೇ ಒಂದು ಸಣ್ಣ ಪ್ರೋಗ್ರಾಮು ಸಿಕ್ಕಿತು. ಅದು ಹಳೆಯ ಪ್ರೋಗ್ರಾಮಿನ ಬಾಜು ಕೂತು, ಮಷೀನಿನ ಹೊತ್ತನ್ನು ಸುಮ್ಮನೆ ಎಣಿಕೆ ಮಾಡಿ ಹಾಳು ಮಾಡುತ್ತದೆ. ಬೇರೆ ಏನೂ ಮಾಡುವುದಿಲ್ಲ. ಇಷ್ಟು ಸರಳವಾದ ಕೆಲಸಕ್ಕೆ ಪ್ರೋಗ್ರಾಮು ಬೇಕೆ, ನಮ್ಮ ಕಚೇರಿಗಳಲ್ಲಿ ಎಷ್ಟು ಜನ ಬೇಕು ಹೇಳು ಎಂದು ಗೆಳೆಯನೇ ನಕ್ಕ.

ಮಾಮಾನಿಗೆ ನಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಹಂಬಲ. ಈ ಕರಿ ಚೌಕಿನ ಒಳಗೆ ಇನ್ನೂ ಹಳೆಯ ಕಾಲ ಇದೆ ಎಂದು ಪ್ರೋಗ್ರಾಮಿಗೆ ನಂಬಿಸುತ್ತಿದ್ದೇನೆ ಎಂದೆ. ಹೊರಗೆ ಹೊಸ ಮಷೀನು, ಒಳಗೆ ಹಳೆಯದು. ಅವನು ತಲೆದೂಗಿದ. ಮುಪ್ಪಿನಲ್ಲಿ ಮರೆವು ಬಂದಿದ್ದ ತನ್ನ ಅಪ್ಪನಿಗೂ ಮನೆಯವರೆಲ್ಲ ಹಾಗೇ ಮಾಡಿದ್ದರು ಎಂದ.

"ಕಡೀ ಎರಡು ವರ್ಷ ದಿನಾ ಮುಂಜಾನಿ ಎಮ್ಮಿ ಎಲ್ಲಿ ಅಂತ ಕೇಳ್ತಿದ್ದ ರೀ. ಎಮ್ಮಿ ಮಾರಿ ಹತ್ತು ವರ್ಷ ಆಗಿತ್ತು. ಮೇಯಾಕ ಹೋಗೈತಿ ಅಂತಿದ್ವಿ. ಆರಾಮ ಇದ್ದ. ಒಮ್ಮೆ ನನ್ನ ತಮ್ಮ ಖರೇ ಹೇಳಿಬಿಟ್ಟ ನೋಡ್ರಿ, ಮೂರು ದಿನ ಊಟಾ ಬಿಟ್ಟ."

ಆಮೇಲೆ ನಾನು ಎಷ್ಟೋ ಪುಸ್ತಕ ಓದಿದೆ. ಹಳೆಯ ಪ್ರೋಗ್ರಾಮನ್ನು ಅದರ ಕಾಲದ ಸಮೇತ ಒಂದು ಡಬ್ಬಿಯಲ್ಲಿ ಕೂಡಿಸಿ ಹೊಸ ಮಷೀನಿನಲ್ಲಿ ಇಡುವ ವಿದ್ಯೆ ಇವತ್ತು ಬಹಳ ದೊಡ್ಡದಾಗಿ ಬೆಳೆದಿದೆ. ಮಾಮಾ ಹೇಳಿದ್ದಕ್ಕಿಂತ ಚೆನ್ನಾಗಿ ಅದನ್ನು ಯಾರೂ ನನಗೆ ಹೇಳಿಲ್ಲ.

ಮಂಗಳವಾರ ಮಧ್ಯಾಹ್ನ ಪ್ರೋಗ್ರಾಮು ಎದ್ದು ಕೂತಿತು. ನಾನೂ ಮಾಮಾನೂ ಚಹಾ ತರಿಸಿದೆವು. ಚಹಾ ಬರುವುದರೊಳಗೆ ಹೊಸ ತೊಂದರೆ. ಅದು ಶಾಲೆಯ ವಾರಗಳನ್ನು ಹಾಕಿ ತೋರಿಸಿತು: ಶುಕ್ರವಾರ ಅರ್ಧ ದಿನದ ಶಾಲೆ, ಶನಿವಾರ ಸೂಟಿ, ರವಿವಾರ ಬೆಳಿಗ್ಗೆ ಪ್ರಾರ್ಥನೆಯಿಂದ ಹಿಡಿದು ಎಂಟೂ ಪಿರಿಯಡ್ಡು. ಇಸವಿಯ ಕೊನೆಯ ಎರಡು ಅಂಕಿಯನ್ನು ಮಾತ್ರ ನೋಡುವ ಪ್ರೋಗ್ರಾಮು ಅದು. ಎರಡು ಸೊನ್ನೆ ಕಂಡು ತಾನು ಸಾವಿರದ ಒಂಬೈನೂರನೆಯ ಇಸವಿಯಲ್ಲಿದ್ದೇನೆ ಎಂದುಕೊಂಡು ಆ ವರ್ಷದ ವಾರಗಳನ್ನೇ ಹಾಕಿತ್ತು. ಮಾಮಾ ಹಾಳೆ ನೋಡಿ, ರವಿವಾರ ಗಂಟೆ ಬಾರಿಸಲು ತಾನು ಬರುವುದಿಲ್ಲ, ಬೇಕಾದರೆ ಸಾವಿರದ ಒಂಬೈನೂರರ ಸಿಪಾಯಿಯನ್ನು ಕರೆಸಿರಿ ಎಂದ.

ಇದಕ್ಕೂ ಒಂದು ಸುಳ್ಳು ಹೇಳಬೇಕಿತ್ತು. ಈ ವರ್ಷದ ವಾರ ತಾರೀಖುಗಳೇ ಇದ್ದ ಹಳೆಯ ವರ್ಷ ಒಂದು ಬೇಕು. ಜೂನ್ ಒಂದು ಗುರುವಾರ ಬಿದ್ದಿರಬೇಕು, ಮುಂದಿನ ಮೇ ತನಕ ಹೊಂದಬೇಕು. ಲೆಕ್ಕ ಹಾಕಿ ತೆಗೆಯಬಹುದಿತ್ತು. ಆದರೆ ನಮ್ಮ ಶಾಲೆಯ ಕಪಾಟುಗಳ ಪ್ರತಿ ಹಲಗೆಗೂ ಮಾಮಾ ಹಳೆಯ ಕ್ಯಾಲೆಂಡರುಗಳನ್ನೇ ಹಾಸಿದ್ದ. ಸೀಮೆಸುಣ್ಣದ ಡಬ್ಬಿ ಎತ್ತಿದೆವು, ಉಪ್ಪಿನ ಆಮ್ಲದ ಬಾಟಲಿ ಎತ್ತಿದೆವು, ಸತ್ತ ಕಪ್ಪೆ ಇದ್ದ ಬರಣಿ ಎತ್ತಿದೆವು. ಕಪ್ಪೆಯ ಕೆಳಗೆ ಸಿಕ್ಕಿತು, ಹನ್ನೊಂದು ವರ್ಷ ಹಿಂದಿನದು. ಅದರ ಮರುವರ್ಷದ್ದು ಡ್ರಾಯಿಂಗ್ ಹಾಳೆಗಳ ಕೆಳಗೆ. ಎರಡನ್ನೂ ಹೊಸ ಕ್ಯಾಲೆಂಡರಿನ ಪಕ್ಕ ಹಿಡಿದು ತಿಂಗಳು ತಿಂಗಳು ತಾಳೆ ನೋಡಿದೆವು. ವಾರಗಳೆಲ್ಲ ಸರಿಯಾಗಿದ್ದವು. ಅಮಾವಾಸ್ಯೆ ಹೊಂದುವುದಿಲ್ಲ ಎಂದು ಮಾಮಾ ತಕರಾರು ತೆಗೆದ. ಪ್ರೋಗ್ರಾಮಿಗೆ ಅಮಾವಾಸ್ಯೆ ಗೊತ್ತಿಲ್ಲ ಎಂದು ಸಮಾಧಾನ ಮಾಡಿದೆ. ಹಾಗಾದರೆ ಅದು ಅಷ್ಟೇನೂ ಶಾಣ್ಯಾ ಇಲ್ಲ ಎಂದ.

ಪ್ರೋಗ್ರಾಮು ಎದ್ದೇಳುವ ಮೊದಲು ತಾರೀಖನ್ನು ಹನ್ನೊಂದು ವರ್ಷ ಹಿಂದಕ್ಕೆ ತಿರುಗಿಸಿ, ಅದು ಮಲಗಿದಮೇಲೆ ಮತ್ತೆ ಇವತ್ತಿಗೆ ತರುವ ಹಾಗೆ ನಾಲ್ಕು ಸಾಲು ಬರೆದೆ. ತಮಾಷೆಯೆಂದರೆ ಆ ಪ್ರೋಗ್ರಾಮು ಹುಟ್ಟಿದ್ದು ಎಂಟು ವರ್ಷ ಹಿಂದೆ. ಅದು ಹುಟ್ಟುವ ಮೂರು ವರ್ಷ ಮೊದಲಿನ ಕಾಲದಲ್ಲಿ ಅದನ್ನು ಕೂಡಿಸಿದ್ದೆವು. ಅದು ಚಕಾರ ಎತ್ತದೆ ಕೆಲಸ ಮಾಡಿತು.

ಬುಧವಾರ ಮಧ್ಯಾಹ್ನ ಗಣಿತದ ಸರ್ ತಾವೇ ಬಸ್ಸಿನಲ್ಲಿ ಬಂದರು, ತಮ್ಮ ಪ್ರೋಗ್ರಾಮು ಸುಖವಾಗಿದೆಯೋ ಇಲ್ಲವೋ ನೋಡಲು. ಐದರ ಬಸ್ಸಿಗೆ ವಾಪಸು ಹೋಗಬೇಕು, ಹೊತ್ತು ಮುಳುಗುವ ಮೊದಲು ಊಟ. ನಾವು ಮಾಸ್ತರರ ಹೆಸರುಗಳನ್ನು ತುಂಬುತ್ತ ಕೂತಿದ್ದಾಗ ಚೇರಮನ್ನರೂ ಬಂದರು. ಪರದೆಯ ಮೇಲೆ ಒಂದೊಂದೇ ಚುಕ್ಕಿ, ನಿಧಾನವಾಗಿ, ಬಾವಿಗೆ ಹನಿ ಬಿದ್ದ ಹಾಗೆ ಮೂಡುತ್ತಿತ್ತು. ಇಷ್ಟು ದೊಡ್ಡ ಮಷೀನು ಯಾಕೆ ಹೀಗೆ ತೆವಳುತ್ತಿದೆ ಎಂದು ಅವರು ಕೇಳಿದರು. ನಾನೇ ಕಾಲು ಕಟ್ಟಿದ್ದೇನೆ ಎಂದು ದಾನಿಗಳಿಗೆ ಹೇಗೆ ಹೇಳುವುದು?

"ವಿಚಾರ ಮಾಡಾಕತ್ತೈತ್ರಿ," ಅಂದೆ.

ಚೇರಮನ್ನರ ಮುಖ ಅರಳಿತು. ಮಾನಿಟರಿನ ನೆತ್ತಿಯ ಮೇಲಿನ ಹೆಸರನ್ನು ಒಮ್ಮೆ ನೋಡಿದರು. "ನಮ್ಮ ತಂದಿನೂ ಹಂಗ ಇದ್ರು. ವಿಚಾರ ಮಾಡಲಾರದ ಒಂದು ಮಾತ ಆಡತಿರಲಿಲ್ಲ." ಸಮಾಧಾನದಿಂದ ಹೊರಟುಹೋದರು.

ಎಲ್ಲರ ಹೆಸರೂ ಮುಗಿಯಿತು. ಕೊನೆಗೆ ನನ್ನದು. ಹೆಸರು ಒತ್ತಿದೆ, ವಿಷಯ ಯಾವುದು ಎಂದು ಕೇಳಿತು. ಪಟ್ಟಿಯಲ್ಲಿ ಹುಡುಕಿದೆ.

ಕನ್ನಡ ಇತ್ತು, ಮರಾಠಿ ಇತ್ತು, ಹಿಂದಿ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ಸಂಗೀತ, ಡ್ರಾಯಿಂಗ್, ಪಿ.ಟಿ., ಹೊಲಿಗೆ ಇತ್ತು. ಕಂಪ್ಯೂಟರ್ ಇರಲಿಲ್ಲ. ಕಂಪ್ಯೂಟರನ್ನೂ ಒಂದು ವಿಷಯವಾಗಿ ಕಲಿಸುತ್ತಾರೆ ಎಂದು ಆ ಪ್ರೋಗ್ರಾಮು ಬರೆದಾಗ ಯಾರಿಗೆ ಗೊತ್ತಿತ್ತು? ಹೋದ ವರ್ಷದ ಟೈಮ್ ಟೇಬಲ್ಲು ಆದಮೇಲೆ ನಾನು ಸೇರಿದ್ದರಿಂದ ನನ್ನ ಹೆಸರು ಅದರೊಳಗೆ ಹೋಗಿರಲೇ ಇಲ್ಲ. ಹೊಸ ಕಾಲದ ಸುಳಿವೇ ಸಿಗದಂತೆ ನಾನೇ ಕೈಯಾರೆ ಕಟ್ಟಿದ ಡಬ್ಬಿಯಲ್ಲಿ ನನಗೊಬ್ಬನಿಗೇ ಜಾಗ ಇರಲಿಲ್ಲ.

ಹೊಸ ವಿಷಯ ಸೇರಿಸಿಕೊಡಿ ಸರ್ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಗಣಿತದ ಸರ್ ಶಾಂತವಾಗಿ, ಸೇರಿಸಲು ತಾವು ಬರೆದ ಪ್ರೋಗ್ರಾಮಿನ ಮೂಲ ಸಾಲುಗಳು ಬೇಕು, ಮನೆಯಲ್ಲಿದ್ದದ್ದು ಸಿದ್ಧಪಡಿಸಿದ ಪ್ರತಿ ಮಾತ್ರ, ಮೂಲ ಇದ್ದದ್ದು ಶಾಲೆಯ ಫ್ಲಾಪಿಯಲ್ಲಿ ಎಂದರು. ಆ ಫ್ಲಾಪಿ ಓದಲು ಬರುತ್ತದೆಯೇ ಎಂದು ಕೇಳಿದರು. ನಾನು ಮಾಮಾನ ಕಡೆ ನೋಡಿದೆ. ಮಾಮಾ ಫ್ಯಾನಿನ ಕಡೆ ನೋಡಿದ.

ನಾಲ್ಕೂವರೆಯಾಗಿತ್ತು. ಪೆನ್ನಿಗೆ ಹೆಡ್ ಮಾಸ್ತರರು ಬಿಡುವುದಿಲ್ಲ. ಬೆಳಿಗ್ಗೆ ಹಾಳೆ ಕಚೇರಿಗೆ ಹೋಗುತ್ತದೆ. ಅದರಲ್ಲಿ ಶಾಲೆಯ ಎಲ್ಲರೂ ಇರುತ್ತಾರೆ, ಅದನ್ನು ಓಡಿಸಿದವನೊಬ್ಬನನ್ನು ಬಿಟ್ಟು. ಆಗ ಗಣಿತದ ಸರ್ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

"ಹೊಲಿಗಿ ಖಾಲಿ ಐತಲ್ಲ. ಅದರಾಗ ಕುಂದರ್ರಿ."

ಹೊಲಿಗೆ ಕಲಿಸುತ್ತಿದ್ದ ಬಾಯಿಯವರು, ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು, ಎರಡು ವರ್ಷ ಹಿಂದೆ ನಿವೃತ್ತರಾಗಿದ್ದರು. ಅವರ ಜಾಗ ಹಾಗೇ ಇತ್ತು, ವಾರಕ್ಕೆ ಹದಿನೆಂಟು ಪಿರಿಯಡ್ಡು, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ. ನಾನು ಹೆಡ್ ಮಾಸ್ತರರನ್ನು ಕರೆಸಿ ಕೇಳಿದೆ. ಹೆಸರು ಬಂದರೆ ಸಾಕು, ವಿಷಯವನ್ನು ಆಮೇಲೆ ಪತ್ರ ಬರೆದು ಸರಿಪಡಿಸೋಣ ಎಂದರು. ನಾನು ಹೊಲಿಗೆಯ ಮೇಲೆ ಬೆರಳಿಟ್ಟು ಒತ್ತಿದೆ. ಚುಕ್ಕಿಗಳು ಮೂಡಿದವು. ಪ್ರಿಂಟರು ಕೀಚಲು ದನಿಯಲ್ಲಿ ಅರ್ಧ ತಾಸು ಕೂಗಿ ಹಾಳೆ ಕೊಟ್ಟಿತು. ಹಿಂದಿ ಸರ್‌ಗೆ ಮೊದಲನೆಯ ಪಿರಿಯಡ್ಡು ಇರಲಿಲ್ಲ. ಸಂಗೀತಗಳ ನಡುವೆ ನಾಲ್ಕು ಗೋಡೆ. ಗುರುವಾರ ಬೆಳಿಗ್ಗೆ ಹಾಳೆ ಬೆಳಗಾವಿಗೆ ಹೋಯಿತು.

ಎರಡು ತಿಂಗಳಿಗೆ ಆದೇಶ ಬಂತು. ನನ್ನ ಹೆಸರು, ನನ್ನ ಪದವಿ, ಎಲ್ಲ ಸರಿಯಾಗಿತ್ತು. ಹುದ್ದೆಯ ಮುಂದೆ ಹೊಲಿಗೆ ಶಿಕ್ಷಕ ಎಂದಿತ್ತು. ಒಂದು ವರ್ಷ ಪರೀಕ್ಷಾರ್ಥ. ಆಮೇಲೆ ತಪಾಸಣೆಗೆ ಬಂದವರು ಹೊಲಿಗೆಯ ಕೆಲಸ ನೋಡಿ ತೃಪ್ತರಾದರೆ ಕಾಯಂ.

ಹೆಡ್ ಮಾಸ್ತರರು ಪತ್ರ ಬರೆಯಲು ಕೂತರು, ಬರೆದರು, ಹರಿದರು. ವಿಷಯ ತಪ್ಪು ಎಂದು ನಾವೇ ಬರೆದರೆ ಆದೇಶವೇ ರದ್ದಾಗಬಹುದು ಎಂದು ಅವರಿಗೆ ಹೆದರಿಕೆ. ಸಹಿ ಮಾಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು ಎಂದು ಕಾಗದ ನನ್ನ ಕಡೆ ಸರಿಸಿದರು. ನಾನು ಸಹಿ ಮಾಡಿದೆ. ಸ್ಟಾಫ್ ರೂಮಿನಲ್ಲಿ ಅವತ್ತೇ ಡ್ರಾಯಿಂಗ್ ಮಾಸ್ತರರೂ ಪಿ.ಟಿ. ಮಾಸ್ತರರೂ ಜಂಟಿಯಾಗಿ ಅಂಗಿಯ ಗುಂಡಿ ಕಿತ್ತುಕೊಂಡು ಬಂದು ನನ್ನ ಮುಂದೆ ಇಟ್ಟರು. ಅವರಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದೇ ಎಂದು ಎಲ್ಲರೂ ಸಂತೋಷಪಟ್ಟರು.

ರವಿವಾರ ಊರಿಗೆ ಹೋಗಿ ನಮ್ಮಪ್ಪನಿಗೆ ಎಲ್ಲ ಹೇಳಿದೆ. ಮಗ ಕಂಪ್ಯೂಟರ್ ಕಲಿಸುತ್ತಾನೆ ಎಂದು ಅವನು ಮೂರು ಊರಿಗೆ ಹೇಳಿಕೊಂಡಿದ್ದ. ಕುರಿಗಳನ್ನು ಹಟ್ಟಿಗೆ ಬಿಡುತ್ತ ಎಲ್ಲ ಕೇಳಿಸಿಕೊಂಡ. ಹೊಲಿಗೆ ಸರಿಯಾಗಿದ್ದರೆ ಮಾತ್ರ ಕಾಯಂ ಹೌದಲ್ಲೋ ಎಂದು ಒಮ್ಮೆ ಖಾತ್ರಿ ಮಾಡಿಕೊಂಡ. ಹೌದು ಎಂದೆ.

"ಹಂಗಾದ್ರ ಹೊಲಿ," ಅಂದ.

ಒಳಗೆ ಹೋಗಿ ದಬ್ಬಣ ತಂದ. ಕುರಿಯ ಉಣ್ಣೆಯ ಕಂಬಳಿಯನ್ನು ಎರಡು ಪಟ್ಟಿಯಾಗಿ ನೇಯುತ್ತಾರೆ, ನಡುವೆ ಸೇರಿಸಿ ಹೊಲಿಯಬೇಕು. ಆ ಹೊಲಿಗೆ ನಮ್ಮಪ್ಪನ ಕೈಯಲ್ಲಿ ಕಣ್ಣು ಮುಚ್ಚಿದರೂ ಬರುತ್ತಿತ್ತು. ಬಿ.ಎಸ್ಸಿ. ಓದಿದ ನನ್ನ ಕೈಗೆ ಮೊದಲ ದಿನ ಏಳು ಸಲ ಚುಚ್ಚಿತು. ಪೆನ್ನು ಹಿಡಿದ ಹಾಗೆ ಹಿಡಿಯಬೇಡ, ಹಾಲು ಕರೆಯುವಾಗ ಹಿಡಿದ ಹಾಗೆ ಹಿಡಿ ಎಂದ. ಪ್ರತಿ ರವಿವಾರ ಹೋಗಿ ಕಲಿತೆ. ಸೋಮವಾರ ಬಂದು ಮಕ್ಕಳಿಗೆ ಕಲಿಸಿದೆ.

ಒಂದೇ ಕಂಪ್ಯೂಟರು, ನಲವತ್ತು ಮಕ್ಕಳು. ಇಬ್ಬರು ಅದರ ಮುಂದೆ ಕೂತಾಗ ಉಳಿದವರು ಹೊಲಿಯುತ್ತಿದ್ದರು. ಏನು ಹೊಲಿಯುವುದು? ಖಾನಾಪುರದ ಧೂಳು ಕಂಪ್ಯೂಟರಿನೊಳಗೆ ಹೋಗದ ಹಾಗೆ ಗವಸು ಹೊಲಿದೆವು. ಮಾನಿಟರಿಗೆ ಒಂದು, ಕೀಬೋರ್ಡಿಗೆ ಒಂದು, ಪ್ರಿಂಟರಿಗೆ, ಹೊರಗೆ ಜೋತಾಡುತ್ತಿದ್ದ ಫ್ಲಾಪಿಯ ಬಾಯಿಗೂ ಒಂದು ಸಣ್ಣ ಟೊಪ್ಪಿಗೆ. ಎಲ್ಲ ಮುಗಿದಮೇಲೆ ಹಾರ್ಮೋನಿಯಮ್ಮಿಗೆ, ತಕ್ಕಡಿಗೆ, ಗ್ಲೋಬಿಗೆ. ಆ ವರ್ಷ ಶಾಲೆಯಲ್ಲಿ ಬರಿಮೈಯಲ್ಲಿ ಇದ್ದ ಸಾಮಾನು ಸತ್ತ ಕಪ್ಪೆ ಮಾತ್ರ.

ಮರುವರ್ಷ ತಪಾಸಣೆಗೆ ಬಂದವರು ಒಬ್ಬ ಮೇಡಮ್ಮು. ಹೊಲಿಗೆಯ ವರ್ಗ ಎಲ್ಲಿ ಎಂದು ಕೇಳಿದಾಗ ಹೆಡ್ ಮಾಸ್ತರರು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಬಂದರು. ಮೇಡಮ್ಮು ಮಾನಿಟರಿನ ಗವಸನ್ನು ಎತ್ತಿಕೊಂಡರು. ಅದು ನಾನೇ ಹೊಲಿದದ್ದು, ಎಲ್ಲಕ್ಕಿಂತ ಮೊದಲನೆಯದು. ತಿರುಗಿಸಿ ಒಳಮೈ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹೊಲಿಗೆಯ ಆಚೆ ಈಚೆ ಹಿಡಿದು ಜಗ್ಗಿದರು. ಮತ್ತೊಮ್ಮೆ ಜೋರಾಗಿ ಜಗ್ಗಿದರು. ನಾನು ಮೂರನೆಯ ಸಲ ಗಣಿತದ ರಿಸಲ್ಟ್ ನೋಡಲು ನಿಂತವನ ಹಾಗೆ ನಿಂತಿದ್ದೆ.

"ಇದು ಕಂಬಳಿ ಹೊಲಿಗಿ ಅಲ್ರೀ ಮಾಸ್ತರ? ಎಲ್ಲಿ ಕಲತ್ರಿ?"

ನಮ್ಮ ತಂದೆಯವರ ಹತ್ತಿರ ಎಂದೆ.

"ಡೊಂಕ ಐತಿ," ಅಂದರು ಮೇಡಮ್ಮು. ಕೂತು ಶರಾ ಪುಸ್ತಕ ತೆಗೆದರು. ಬರೆಯುತ್ತಲೇ ಇನ್ನೊಂದು ಮಾತು ಸೇರಿಸಿದರು. "ಆದ್ರ ಬಿಚ್ಚಂಗಿಲ್ಲ."

ಶರಾದ ನಕಲು ನನ್ನ ಹತ್ತಿರ ಈಗಲೂ ಇದೆ. ಹೊಲಿಗೆ ಗಟ್ಟಿಯಾಗಿದೆ, ಕಾಯಂ ಮಾಡಲು ಅಡ್ಡಿಯಿಲ್ಲ ಎಂದು ಬರೆದು ಸಹಿ ಮಾಡಿದ್ದಾರೆ. ಅದನ್ನು ಊರಿಗೆ ಒಯ್ದು ನಮ್ಮಪ್ಪನಿಗೆ ಓದಿ ಹೇಳಿದೆ. ಈ ಸಲ ಅವನು ಕೈ ತೊಳೆಯಲು ಹೋಗಲಿಲ್ಲ. ಕಾಗದವನ್ನು ಇಡಿಯಾಗಿ ಅಂಗೈಯಲ್ಲಿ ಹಿಡಿದುಕೊಂಡು, ಇದರಲ್ಲಿ ತನ್ನ ಪಾಲು ಎಷ್ಟು ಎಂದು ಕೇಳಿದ.